ಟೀಚರಮ್ಮನ ದನಿ, ಬಾಗಿಲಣ್ಣನ ಕಾರು

ಫ್ರಿಜ್ ರಿಪೇರಿ ಮಾಡುವವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಬಾಗಿಲ ರಬ್ಬರು ಹರಿದರೆ, ಸಡಿಲವಾದರೆ, ಬಾಗಿಲು ಓರೆಯಾಗಿ ನಿಂತರೆ ಅವರೆಲ್ಲ ಕೈತೋರಿಸುತ್ತಿದ್ದುದು ಒಬ್ಬನ ಕಡೆಗೇ. ಇಪ್ಪತ್ತೆಂಟು ವರ್ಷ ಅದೊಂದೇ ಕೆಲಸ ಮಾಡಿ ಅವನಿಗೆ ಬಾಗಿಲಣ್ಣ ಎಂಬ ಹೆಸರು ಅಂಟಿಕೊಂಡಿತ್ತು. ಅವನ ಹೆಂಡತಿ ಮೂರನೇ ತರಗತಿಗೆ ಟೀಚರು. ಬೀದಿಯವರು ಅವನಿಗೆ ಏಕವಚನ, ಅವರಿಗೆ ಬಹುವಚನ ಎಂದು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದರು. ಅವನ ತಕರಾರೇನೂ ಇರಲಿಲ್ಲ, ಆದ್ದರಿಂದ ಇಲ್ಲೂ ಹಾಗೇ ಇರಲಿ.

ಬಾಗಿಲಣ್ಣ ಮಾತಿನಲ್ಲಿ ಮಹಾ ಜಿಪುಣ. ಗಿರಾಕಿಯ ಅಡುಗೆಮನೆಗೆ ಹೋದರೆ ಮೊದಲು "ಎಷ್ಟು ದಿನದಿಂದ?" ಅನ್ನುತ್ತಿದ್ದ, ಕೆಲಸ ಮುಗಿದ ಮೇಲೆ "ನೋಡಿ" ಅನ್ನುತ್ತಿದ್ದ, ಮಧ್ಯೆ ಏನೂ ಇಲ್ಲ. ಮನೆಯಲ್ಲಿ ಆ ಕೊರತೆಯನ್ನು ಟೀಚರಮ್ಮ ಬಡ್ಡಿಸಮೇತ ತುಂಬಿಕೊಡುತ್ತಿದ್ದರು. ನಲವತ್ತು ಮಕ್ಕಳ ಮುಂದೆ ಗಂಟಲು ಹರಿದುಕೊಂಡು ಬಂದ ಮೇಲೂ ಅವರಲ್ಲಿ ಮಾತು ಉಳಿದಿರುತ್ತಿತ್ತು. ಬಿದ್ದ ಹಲ್ಲನ್ನು ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡು ಬಂದ ಹುಡುಗಿ, ಮೀಟಿಂಗಿನಲ್ಲಿ ತೂಕಡಿಸಿ ಮೇಜಿಗೆ ಹಣೆ ಹೊಡೆದುಕೊಂಡ ಹೆಡ್‌ಮಾಸ್ಟರು, ಒಂದನ್ನೂ ಬಿಡದೆ ಹೇಳುತ್ತಿದ್ದರು. ಅವನು ರಬ್ಬರು ಕತ್ತರಿಸುತ್ತ ಹೂಂಗುಟ್ಟುತ್ತಿದ್ದ. ದಿನವಿಡೀ ಬೇರೆಯವರ ಅಡುಗೆಮನೆಯ ನೆಲದ ಮೇಲೆ ಮೊಣಕಾಲೂರಿ ಕೂರುವವನಿಗೆ ಸಂಜೆಯ ಆ ಒಂದು ಗಂಟೆಯ ಮಾತೇ ಊಟಕ್ಕಿಂತ ಹೆಚ್ಚು. ಇದನ್ನು ಅವನು ಹೆಂಡತಿಗೆ ಹೇಳಿದವನಲ್ಲ, ಬಿಡಿ.

ಆ ವರ್ಷ ಟೀಚರಮ್ಮನ ದನಿ ಒಡೆಯಿತು. ಮೊದಲು ಗೊರಗೊರ, ಆಮೇಲೆ ವಾಕ್ಯದ ಮಧ್ಯೆ ದನಿಯೇ ಕಡಿದುಹೋಗುವುದು. ಗಂಟಲಲ್ಲಿ ಗಂಟಾಗಿದೆ ಎಂದು ಆಪರೇಷನ್ ಆಯಿತು. ಡಾಕ್ಟರಮ್ಮ ಬೆರಳು ಮಡಚಿ ನಿಯಮ ಹೇಳಿದರು.

"ದನಿ ಏರಿಸಬಾರದು. ಪಿಸುಗುಟ್ಟಲೂಬಾರದು, ಅದೂ ಗಂಟಲನ್ನ ಹಿಂಡುತ್ತೆ. ಪಕ್ಕದಲ್ಲಿ ಕೂತವರಿಗೆ ಕೇಳಿಸೋಷ್ಟು ಮೆಲ್ಲಗೆ, ಸಹಜವಾಗಿ ಮಾತಾಡಿ. ಗಾಯ ಚೆನ್ನಾಗಿ ಮಾಗಿದ್ರೆ ಶಾಲೆ ಶುರುವಾಗೋ ಹೊತ್ತಿಗೆ ಕ್ಲಾಸಿಗೆ ಹೋಗಬಹುದು."

ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ದನಿಯ ಅಭ್ಯಾಸ ಮಾಡಬೇಕಿತ್ತು. ಆಸ್ಪತ್ರೆ ಹೆದ್ದಾರಿಯಲ್ಲಿ ಎರಡು ಗಂಟೆಯ ದಾರಿ. ಬಾಗಿಲಣ್ಣನ ಕಾರಿಗೆ ಹತ್ತೊಂಬತ್ತು ವರ್ಷ, ನೆತ್ತಿಯ ಮೇಲೆ ಫ್ರಿಜ್ ಬಾಗಿಲು ಹೊರುವ ಕಬ್ಬಿಣದ ಕ್ಯಾರಿಯರು. ವೇಗ ಎಂಬತ್ತು ಮುಟ್ಟಿದರೆ ಒಳಗೆ ಯಾರೋ ಎಡೆಬಿಡದೆ ಹಳೇ ಪಂಚೆ ಹರಿಯುತ್ತಿರುವಂಥ ಸದ್ದು. ಐವತ್ತರಲ್ಲಿ ಹೋದರೆ ಗಾಳಿ ಸುಮ್ಮನಾಗುತ್ತಿತ್ತು, ಹಿಂದಿನ ಲಾರಿಗಳು ಸುಮ್ಮನಿರುತ್ತಿರಲಿಲ್ಲ.

ಮೊದಲ ಪ್ರಯಾಣದಲ್ಲಿ ಟೀಚರಮ್ಮ ಹತ್ತು ನಿಮಿಷ ಬಾಯಿ ಬಿಗಿಹಿಡಿದು ಕೂತರು. ಹನ್ನೊಂದನೆಯ ನಿಮಿಷಕ್ಕೆ ಏನೋ ಹೇಳಿದರು. ಅವನಿಗೆ ಕೇಳಿಸಲಿಲ್ಲ. "ಏನು?" ಅಂದ. ಅವರು ಇನ್ನಷ್ಟು ಜೋರಾಗಿ ಹೇಳಿದರು. "ಆಂ?" ಅಂದ. ಆಸ್ಪತ್ರೆ ತಲುಪುವಷ್ಟರಲ್ಲಿ ಅವನು ಹತ್ತಿಪ್ಪತ್ತು ಸಲ ಆಂ ಅಂದಿದ್ದ.

ಡಾಕ್ಟರಮ್ಮ ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಊದಿಕೊಂಡಿದೆ. ಎಲ್ಲಿ ಕಿರುಚಿದ್ರಿ?"

ಟೀಚರಮ್ಮ ಹೆಬ್ಬೆರಳಿನಿಂದ ಗಂಡನನ್ನು ತೋರಿಸಿದರು.

"ಒಂದು ತಿಂಗಳು ನೋಡೋಣ. ಊತ ಇಳೀಲಿಲ್ಲ ಅಂದ್ರೆ ಮತ್ತೆ ಆಪರೇಷನ್ ಮಾಡ್ಬೇಕು. ಎರಡನೇ ಸಲ ಮಾಡಿದ ಮೇಲೆ ದನಿ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ."

ವಿಷಯ ತಿಳಿದು ಬಂದ ಭಾವಮೈದ ಉಪಾಯ ಹೇಳಿದ. "ಎರಡು ಗಂಟೆ ಬಾಯಿ ಮುಚ್ಕೊಂಡು ಕೂರೋಕೆ ಆಗಲ್ವಾ ಅಕ್ಕನಿಗೆ?"

"ಆಗಲ್ಲ," ಅಂದ ಬಾಗಿಲಣ್ಣ. ಭಾವಮೈದನ ಮುಂದೆ ಕಾಫಿ ಇಟ್ಟು, "ಅವಳಿಗೆ ಆಗುತ್ತೋ ಏನೋ. ನಂಗೆ ಆಗಲ್ಲ," ಅಂದ. ಭಾವಮೈದ ಭಾವನ ಬಾಯಿಂದ ಇಷ್ಟುದ್ದದ ಮಾತು ಕೇಳಿದ್ದು ಅದೇ ಮೊದಲು. ಕಾಫಿ ಮುಗಿಸಿ ಎದ್ದುಹೋದ.

ಹಾಗಾದರೆ ಕಾರನ್ನೇ ಸುಮ್ಮನಾಗಿಸಬೇಕು. ಬಾಗಿಲು ಮುಚ್ಚುವ ವಿದ್ಯೆಯಲ್ಲಿ ತನಗೆ ಹೇಳಿಕೊಡುವವರು ಯಾರು ಎಂಬ ಹಮ್ಮು ಅವನಿಗೆ ಇದ್ದೇ ಇತ್ತು. ಫ್ರಿಜ್ಜಿಗೆ ಮಾಡುವ ಹಾಗೆಯೇ ಕಾಗದದ ಪಟ್ಟಿಯನ್ನು ಬಾಗಿಲ ಸಂದಿನಲ್ಲಿಟ್ಟು ಮುಚ್ಚಿ ಎಳೆದು ನೋಡಿದ. ರಬ್ಬರು ಬಿಗಿಯಿದ್ದ ಕಡೆ ಕಾಗದ ಹರಿಯಿತು. ಟೀಚರಮ್ಮ ಕೂರುವ ಬಾಗಿಲ ಮೇಲ್ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಗೆದ್ದಿರುತ್ತಿದ್ದ. ಆದರೆ ಕೈಗೆ ಹುಮ್ಮಸ್ಸು ಬಂದಿತ್ತು. ನಾಲ್ಕೂ ಬಾಗಿಲಿಗೆ ಹಳೇ ರಬ್ಬರಿನ ಮೇಲೆ ಇನ್ನೊಂದು ಸುತ್ತು ದಪ್ಪ ರಬ್ಬರು ಅಂಟಿಸಿದ. ಆಮೇಲೆ ಡಿಕ್ಕಿಯೊಳಗೆ ನುಸುಳಿ, ಹಿಂದಿನ ಬಂಪರಿನ ಕಡೆ ಎರಡು ಕಿಂಡಿಗಳಿಂದ ಬೆಳಕು ಬರುವುದನ್ನು ಕಂಡುಹಿಡಿದ. ಫ್ರಿಜ್ಜಿನಲ್ಲಿ ಬೆಳಕು ಕಂಡರೆ ಅದು ತೂತು, ತೂತು ಇರುವುದು ಮುಚ್ಚಲಿಕ್ಕೆ. ಅವೆರಡನ್ನೂ ಟೇಪು ಹಾಕಿ ಭದ್ರವಾಗಿ ಮುಚ್ಚಿಬಿಟ್ಟ.

ಮುಂದಿನ ವಾರ ಕಾರಿನ ಬಾಗಿಲು ಹಾಕಿಕೊಳ್ಳಲೇ ಒಪ್ಪಲಿಲ್ಲ. ಹೊರಗಿನಿಂದ ಅವನು ಭುಜ ಕೊಟ್ಟು ದೂಡಿದಾಗ ಧಡ್ ಎಂದು ಕೂತಿತು, ಒಳಗಿದ್ದ ಟೀಚರಮ್ಮನ ಕಿವಿ ಗಪ್ಪೆಂದು ಮುಚ್ಚಿಕೊಂಡಿತು. ಅರ್ಧ ದಾರಿಗೆ ಗಾಜುಗಳೆಲ್ಲ ಮಂಜು ಹಿಡಿದವು. ಇಷ್ಟಾದರೂ ಪಂಚೆ ಹರಿಯುವ ಸದ್ದು ಹಾಗೇ ಇತ್ತು. ಟೀಚರಮ್ಮ ಆ ದಿನ ಹೋಗುವಾಗಲೂ ಬರುವಾಗಲೂ ಒಂದು ಮಾತೂ ಆಡಲಿಲ್ಲ, ಕರವಸ್ತ್ರದಿಂದ ಗಾಜು ಒರೆಸುತ್ತ ಕೂತಿದ್ದರು. ಆ ನಾಲ್ಕು ಗಂಟೆ ಬಾಗಿಲಣ್ಣನಿಗೆ ನಾಲ್ಕು ದಿನವಾಯಿತು. ಆ ದನಿ ಇನ್ನು ಬಾರದೇ ಹೋದರೆ ಮನೆಯೂ ಹೀಗೇ ಇರುತ್ತದೆ ಎಂದು ಮೊದಲ ಸಲ ಅವನಿಗೆ ಹೆದರಿಕೆಯಾಯಿತು.

ಮರುದಿನ ಹಮ್ಮನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಕಾರಿಗೆ ಗಾಜು ಕೂರಿಸುವ ಗೆಳೆಯನ ಶೆಡ್ಡಿಗೆ ಹೋದ. ಗೆಳೆಯ ಡಿಕ್ಕಿಯಲ್ಲಿ ತಲೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಯ್ಯ ಇದು, ಹೆಂಡತೀನ ಫ್ರಿಜ್ಜಲ್ಲಿಟ್ಟು ಕರ್ಕೊಂಡು ಹೋದ್ಯಾ? ಈ ಕಿಂಡಿ ಗಾಳಿ ಹೊರಗೆ ಹೋಗೋಕೆ ಇರೋದು. ಇದನ್ನ ಮುಚ್ಚಿದ್ರೆ ಕಿವಿ ಕಟ್ಟದೆ ಇನ್ನೇನಾಗುತ್ತೆ?"

"ಸದ್ದು?"

"ನಿನ್ನ ಫ್ರಿಜ್ಜು ನಿಂತಲ್ಲೇ ನಿಂತಿರುತ್ತೆ, ಇದು ಓಡುತ್ತೆ. ಓಡುವಾಗ ಹೊರಗಿನ ಅಂಚಿಗೆ ಗಾಳಿ ಹೊಡೆದು ಸದ್ದಾಗೋದು. ನೀನು ಒಳಗಡೆ ಹುಡುಕ್ತಾ ಕೂತಿದ್ದೀಯ. ಹೊರಗಿನ ಸಂದುಗಳಿಗೆಲ್ಲ ಪೇಂಟರ್ ಟೇಪ್ ಹಚ್ಚು. ಒಂದೇ ರಸ್ತೆ, ಒಂದೇ ವೇಗ. ಒಂದೊಂದೇ ಪಟ್ಟಿ ಕಿತ್ತು ಓಡಿಸು. ಯಾವುದನ್ನ ಕಿತ್ತಾಗ ಸದ್ದು ವಾಪಸ್ ಬರುತ್ತೋ ಅದೇ ಕಳ್ಳ."

ಬಾಗಿಲಣ್ಣ ಕಿಂಡಿಗಳ ಟೇಪು ಕಿತ್ತ, ಅಂಟಿಸಿದ್ದ ರಬ್ಬರನ್ನೂ ಒಂದೂ ಬಿಡದೆ ಕಿತ್ತ. ಕಾರಿಗೆ ಹೊರಗಡೆಯಿಂದ ಎಲ್ಲೆಲ್ಲಿ ಸಂದಿದೆಯೋ ಅಲ್ಲೆಲ್ಲ ಹಳದಿ ಟೇಪು ಹಚ್ಚಿದ. ಗಾಯಕ್ಕೆಲ್ಲ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಓಡಿಬಂದವನ ಹಾಗೆ ಕಾಣುತ್ತಿದ್ದ ಆ ಕಾರನ್ನು ನೋಡಲು ಬೀದಿಯವರು ಗೇಟಿನವರೆಗೂ ಬಂದರು.

ನಡೆಸುವವನಿಗೆ ರಸ್ತೆಯ ಮೇಲೆ ಗಮನ, ಕಿವಿಗೊಟ್ಟು ಕೂರಲು ಇನ್ನೊಬ್ಬರು ಬೇಕು. ಟೀಚರಮ್ಮ ತಾವೇ ಬಂದು ಕೂತರು. ಆ ಸದ್ದಿನಲ್ಲಿ ಮಾತಾಡುವಂತಿಲ್ಲವಲ್ಲ, ಅದಕ್ಕೆ ಕೈಯಲ್ಲಿ ನೋಟ್‌ಬುಕ್ಕು, ಕೆಂಪು ಪೆನ್ನು. ಊರಾಚೆಯ ಬೈಪಾಸಿನಲ್ಲಿ ಎಂಬತ್ತರ ವೇಗದಲ್ಲಿ ಐದು ನಿಮಿಷ ಓಡಿಸಿ, ಕಾರು ನಿಲ್ಲಿಸಿ ಅವನು ತಿರುಗಿ ನೋಡಿದರೆ ಅವರು ಅಂಕ ಬರೆದು ತೋರಿಸುತ್ತಿದ್ದರು. ಎಲ್ಲ ಟೇಪೂ ಇದ್ದಾಗ ಹತ್ತಕ್ಕೆ ಐದು. ಹಿಂದಿನ ಬಾಗಿಲುಗಳದ್ದು ಕಿತ್ತರೂ ಐದೇ. ಕನ್ನಡಿಯ ಬುಡದ್ದು ಕಿತ್ತಾಗ ನಾಲ್ಕು. ಮುಂದಿನ ಗಾಜಿನ ಅಂಚಿನದು ಕಿತ್ತಾಗ ಮೂರು, ಪಕ್ಕದಲ್ಲಿ "ಗಮನ ಸಾಲದು" ಎಂಬ ಷರಾ. ಟೀಚರಮ್ಮನ ಬಾಗಿಲ ಮೇಲ್ಮೂಲೆಯದು ಕಿತ್ತಾಗ ಅಂಕವನ್ನೇ ಕೊಡದೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಮದುವೆಯಾಗಿ ಅಷ್ಟು ವರ್ಷದ ಮೇಲೆ ಹೆಂಡತಿಯ ಕ್ಲಾಸಿನಲ್ಲಿ ಫೇಲಾದ ಬಾಗಿಲಣ್ಣ ಆ ಹಾಳೆಯನ್ನು ಹರಿದುಕೊಂಡು ಜೋಪಾನವಾಗಿ ಜೇಬಿಗೆ ಹಾಕಿಕೊಂಡ.

ಕಳ್ಳರು ಸಿಕ್ಕಿಬಿದ್ದ ಮೇಲೆ ಉಳಿದದ್ದು ಕೈಕೆಲಸ. ಮೇಲ್ಮೂಲೆಯ ಟೊಳ್ಳು ರಬ್ಬರಿನೊಳಗೆ ತೆಳ್ಳನೆಯ ಸ್ಪಂಜಿನ ಹುರಿ ತೂರಿಸಿ ಅದು ಮತ್ತೆ ಉಬ್ಬಿ ನಿಲ್ಲುವಂತೆ ಮಾಡಿದ. ಬಾಗಿಲು ಬಂದು ಕಚ್ಚಿಕೊಳ್ಳುವ ಕೊಂಡಿಯನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿದ. ಆಮೇಲೆ ರಬ್ಬರಿಗೆ ಟಾಲ್ಕಂ ಪೌಡರು ಸವರಿ ಬಾಗಿಲು ಹಾಕಿ ತೆಗೆದು, ಬಿಳಿ ಗೆರೆ ಎಲ್ಲಿಯೂ ತುಂಡಾಗದೆ ಮೂಡಿದೆಯೇ ಎಂದು ನೋಡಿದ. ಮುಂದಿನ ಗಾಜಿನ ಅಂಚಿನ ಪಟ್ಟಿ ಮೇಲೆದ್ದಿತ್ತು, ಅದರಡಿ ಕಪ್ಪು ಸಿಲಿಕಾನ್ ತುಂಬಿ ಒಂದು ದಿನ ಒತ್ತಿ ಕಟ್ಟಿದ. ಕನ್ನಡಿಯ ಬುಡಕ್ಕೆ ತೆಳು ಸ್ಪಂಜು ಕೊಟ್ಟ. ಹಳೇ ರಬ್ಬರನ್ನೆಲ್ಲ ಸೋಪುನೀರಿನಲ್ಲಿ ಒರೆಸಿ ಸಿಲಿಕಾನ್ ಗ್ರೀಸು ಸವರಿದ. ಎಲ್ಲ ಮಾಡಿದರೂ ಆರು ಅಂಕಕ್ಕಿಂತ ಮೇಲೆ ಕಾರು ಏರಲಿಲ್ಲ.

ಟೀಚರಮ್ಮ ಪೆನ್ನಿನ ತುದಿಯಿಂದ ಮೇಲಕ್ಕೆ ತೋರಿಸಿದರು. ಕ್ಯಾರಿಯರು. ಅದು ಅವನ ಅನ್ನದ ತಟ್ಟೆ, ಅದಕ್ಕೇ ಅವನ ಕಣ್ಣು ಆ ಕಡೆ ಹೋಗಿರಲೇ ಇಲ್ಲ. ತುಕ್ಕು ಹಿಡಿದ ನಾಲ್ಕು ಬೋಲ್ಟು ಬಿಚ್ಚಲು ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಅವತ್ತು ಬೈಪಾಸಿನಲ್ಲಿ ಎಂಬತ್ತು ಮುಟ್ಟಿದಾಗ ಟಯರಿನ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಟೀಚರಮ್ಮ ನೋಟ್‌ಬುಕ್ಕು ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಯಾರಾದರೂ ಇದ್ದಿದ್ದರೆ ಅವರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಎಂಟು."

ಅವನಿಗೆ ಕೇಳಿಸಿತು. ಕಣ್ಣು ತುಂಬಿಬಂದವು, ಬಿಸಿಲಿಗೆ ಅನ್ನುವ ಹಾಗೆ ರೆಪ್ಪೆ ಬಡಿದ.

"ಇನ್ನೆರಡು?" ಅಂತ ಕೇಳಿದ.

"ಹತ್ತಕ್ಕೆ ಹತ್ತು ನಾನು ಯಾರಿಗೂ ಕೊಟ್ಟಿಲ್ಲ."

ಉಳಿದ ಎರಡು ವಾರ ಹೋಗುತ್ತ ಎರಡು ಗಂಟೆ, ಬರುತ್ತ ಎರಡು ಗಂಟೆ ಟೀಚರಮ್ಮ ಮೆಲುದನಿಯಲ್ಲೇ ಮಾತಾಡಿದರು. ಶಾಲೆ ಶುರುವಾದ ಮೇಲೆ ಯಾರನ್ನು ಮುಂದಿನ ಬೆಂಚಿಗೆ ಕೂರಿಸುವುದು, ಯಾವ ಪಾಠ ಮೊದಲು ಮಾಡುವುದು, ಗೋಡೆಗೆ ಯಾವ ಚಾರ್ಟು, ಎಲ್ಲ ತಯಾರಾಯಿತು. ಅವನು ಒಂದು ಸಲವೂ ಆಂ ಅನ್ನಲಿಲ್ಲ.

ತಿಂಗಳು ತುಂಬಿದ ದಿನ ಡಾಕ್ಟರಮ್ಮ ಕ್ಯಾಮೆರಾ ಇಳಿಸಿ ಬಹಳ ಹೊತ್ತು ನೋಡಿದರು.

"ಊತ ಪೂರ್ತಿ ಇಳಿದಿದೆ. ಆಪರೇಷನ್ ಬೇಕಿಲ್ಲ. ಏನು ಉಪಾಯ ಮಾಡಿದ್ರೋ ಏನೋ, ಒಳ್ಳೇದಾಯ್ತು."

ಬಾಗಿಲಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತ. ಡಾಕ್ಟರಮ್ಮ ಮಾತು ಮುಗಿಸಿರಲಿಲ್ಲ.

"ಆದ್ರೆ ಗಾಯದ ಕಲೆ ಗಟ್ಟಿಯಾಗಿಬಿಟ್ಟಿದೆ. ಈಗ ಎಷ್ಟು ದನಿ ಇದೆಯೋ ಅಷ್ಟೇ. ಇದಕ್ಕಿಂತ ಮೇಲೆ ಏರಲ್ಲ. ಒಬ್ಬರಿಗೆ ಇಬ್ಬರಿಗೆ ಕೂತು ಹೇಳಿಕೊಡಿ, ಚಿಂತೆಯಿಲ್ಲ. ನಲವತ್ತು ಮಕ್ಕಳ ಕ್ಲಾಸು ಇನ್ನು ಬೇಡ."

"ಈ ವರ್ಷ ಬೇಡವೋ?" ಅಂದರು ಟೀಚರಮ್ಮ.

"ಯಾವ ವರ್ಷವೂ ಬೇಡ."

ಟೀಚರಮ್ಮ ತಲೆಯಾಡಿಸಿ, ಡಾಕ್ಟರಮ್ಮನಿಗೆ ಥ್ಯಾಂಕ್ಸ್ ಹೇಳಿ ಎದ್ದರು. ಕಾರಿನ ಬಾಗಿಲು ಒಂದು ಬೆರಳಿಗೆ ಮೆತ್ತಗೆ ಹಾಕಿಕೊಂಡಿತು. ಹೆದ್ದಾರಿಗೆ ಬಂದು ಎಂಬತ್ತು ಮುಟ್ಟಿದ ಮೇಲೂ ಅವರು ಮಾತಾಡಲಿಲ್ಲ. ಸಮಾಧಾನಕ್ಕೆ ಏನಾದರೂ ಹೇಳೋಣವೆಂದು ಬಾಗಿಲಣ್ಣ ಬಾಯೊಳಗೆ ಮಾತು ಹುಡುಕಿದ. ನನಗೆ ಕೇಳಿಸುತ್ತಲ್ಲ, ಅಷ್ಟು ಸಾಲದೇ ಎನ್ನಲು ಹೊರಟವನು, ಅದು ಬರೀ ತನ್ನ ಸ್ವಾರ್ಥದ ಮಾತು ಎನಿಸಿ ನುಂಗಿಕೊಂಡ. ಅವನ ಮಟ್ಟಿಗೆ ದನಿ ಉಳಿದಿತ್ತು. ಆ ನಲವತ್ತು ಮಕ್ಕಳ ಟೀಚರು ಉಳಿದಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಮೂಗೆಳೆಯುವ ಸಣ್ಣ ಸದ್ದು ಕೇಳಿತು. ಆಮೇಲೆ ಉಸಿರು ತಡೆದು ಬಿಡುವ ಸದ್ದು. ಸೆರಗಿನ ಅಂಚು ತುಟಿಗೆ ಒತ್ತಿಕೊಂಡಿದ್ದೂ ಸೇರಿ ಎಲ್ಲ ಸ್ಪಷ್ಟವಾಗಿ ಅವನ ಕಿವಿಗೆ ಬಿತ್ತು. ಅವನು ನೋಟ ರಸ್ತೆಯಿಂದ ಕದಲಿಸಲಿಲ್ಲ.

"ನಿಮ್ಮ ಕಾರಲ್ಲಿ ಈಗ ಅಳೋಕೂ ಆಗಲ್ಲ," ಅಂದರು ಟೀಚರಮ್ಮ, ಮುಖ ಆ ಕಡೆ ತಿರುಗಿಸಿಕೊಂಡೇ. "ಎಲ್ಲ ಕೇಳಿಸಿಬಿಡುತ್ತೆ."

ಬಾಗಿಲಣ್ಣ ತನ್ನ ಪಕ್ಕದ ಗಾಜನ್ನು ನಾಲ್ಕು ಬೆರಳು ಇಳಿಸಿದ. ಗಾಳಿ ಭೋರೆಂದು ನುಗ್ಗಿ ಕಾರು ತುಂಬಿತು. ಮಡಿಲಲ್ಲಿದ್ದ ಆಸ್ಪತ್ರೆಯ ಕಾಗದಗಳು ಪಟಪಟ ಬಡಿದುಕೊಂಡವು, ಟೀಚರಮ್ಮ ಅವನ್ನು ಒಂದು ಕೈಯಿಂದ ಒತ್ತಿಹಿಡಿದರು. ಅವನಿಗೆ ಇನ್ನೇನೂ ಕೇಳಿಸಲಿಲ್ಲ. ಹಾಗೇ ಕಾರು ಓಡಿಸಿದ. ಎರಡು ಸೇತುವೆ ದಾಟಿತು, ಒಂದು ಪೆಟ್ರೋಲ್ ಬಂಕ್ ಹಿಂದಾಯಿತು.

ಇನ್ನರ್ಧ ಗಂಟೆಯ ದಾರಿ ಇದೆ ಎನ್ನುವಾಗ ಅವರ ಕೈ ಅವನ ತೋಳನ್ನು ಮುಟ್ಟಿತು. ತಿರುಗಿ ನೋಡಿದ. ಕಣ್ಣು ಕೆಂಪಾಗಿದ್ದವು, ಮುಖ ಒರೆಸಿಕೊಂಡಾಗಿತ್ತು. ಬೆರಳಿನಿಂದ ಗಾಜಿನ ಕಡೆ ತೋರಿಸಿದರು. ಅವನು ಪೂರ್ತಿ ಏರಿಸಿ, ಕಾರು ಮತ್ತೆ ಸುಮ್ಮನಾಗುವುದನ್ನು ಕಾದ.

"ಈಗ ಕೇಳಿ," ಅಂದರು ಟೀಚರಮ್ಮ. "ನಾನು ಮಾತಾಡಬೇಕು."