ಮಾಮಾ ಹಾಡಿದ ಮಾಂತ್ರಿಕ

ನನ್ನ ಸೋದರಮಾವನನ್ನು ನಾನು ಬೈಯದ ದಿನವಿಲ್ಲ. ಬೈದು ಮುಗಿಸುವಷ್ಟರಲ್ಲಿ ಅವನ ಹಾಡು ಎಲ್ಲಿಂದಲೋ ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ, ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ನನ್ನನ್ನು ಕೊಟ್ಟದ್ದು ಕರೋಶಿ ಕಡೆಗೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಮನೆ ಮುಂದಿನ ರಸ್ತೆಯಲ್ಲಿ ಹೋಗುವಾಗ ದೊಡ್ಡ ಸ್ಪೀಕರಿನಲ್ಲಿ ಹಾಕಿಕೊಂಡು ಹೋಗುವುದು ಅವನದೇ ಪದ. ಓಡಿಸುವ ಹುಡುಗರಿಗೆ ಅವನು ಯಾರೆಂದು ಗೊತ್ತು, ಏನು ಮಾಡಿದನೆಂದು ಗೊತ್ತಿಲ್ಲ. ಗೊತ್ತಾದರೂ ಹಾಡು ಬದಲಿಸುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ನನ್ನ ತವರು ಹಾರೂಗೇರಿಯಿಂದ ಸ್ವಲ್ಪ ಒಳಗಿರುವ ಊರು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಬೇಗ ಹೋದ. ಅವ್ವನಿಗೆ ಉಳಿದದ್ದು ಒಂದು ತುಂಡು ಹೊಲ, ಒಂದು ಹಿಂಡು ಕುರಿ, ನಾನು, ಮತ್ತೆ ಅವಳ ತಮ್ಮ. ಅವನಿಗೆ ತಂದೆ ತಾಯಿ ಇಲ್ಲವಾದ್ದರಿಂದ ಅವ್ವ ಮದುವೆಯಾಗಿ ಬರುವಾಗಲೇ ಅವನನ್ನೂ ಕರೆದುಕೊಂಡು ಬಂದಿದ್ದಳು. ತನ್ನ ತಾಟಿನಲ್ಲಿದ್ದುದನ್ನು ಮೊದಲು ಅವನಿಗೆ ಉಣಿಸಿ ಆಮೇಲೆ ನನಗೆ ಉಣಿಸುತ್ತಿದ್ದಳು ಎಂದು ನಾನು ಎಷ್ಟೋ ಸಲ ಅತ್ತಿದ್ದೇನೆ. ಆದರೂ ಮಾಮಾ ಅಂದರೆ ನನಗೂ ಜೀವವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಕುರಿ ಮೇಯುತ್ತಿದ್ದುದು ಊರ ಹೊರಗಿನ ಗಾಯರಾಣದಲ್ಲಿ. ಗಾಯರಾಣ ಅಂದರೆ ಯಾರ ಹೆಸರಿಗೂ ಇಲ್ಲದ, ಊರಿನ ದನಕರುಗಳು ಮೇಯಲೆಂದು ಹಿಂದಿನಿಂದ ಬಿಟ್ಟ ಭೂಮಿ. ಕಲ್ಲು, ಜಾಲಿಮುಳ್ಳು, ಮಳೆ ಬಿದ್ದರೆ ಹುಲ್ಲು. ನೀರಾವರಿ ಇರುವವರ ಕಣ್ಣಿಗೆ ಅದು ಬರಡು. ಸುತ್ತ ನೋಡಿದರೆ ಎಲ್ಲ ಕಬ್ಬು. ಕಬ್ಬಿನ ಬದುವಿಗೆ ಕುರಿಯ ಮೂಗು ತಾಗಿದರೆ ಸಾಕು, ಮನೆತನಕ ಬಂದು ಜಗಳ ತೆಗೆಯುತ್ತಿದ್ದರು. ಹಾಗಾಗಿ ಗಾಯರಾಣ ಇದ್ದರೆ ಅವ್ವನ ಕುರಿ ಇದ್ದವು, ಅದು ಹೋದರೆ ಇವೂ ಹೋದವು, ಅಷ್ಟೇ ಲೆಕ್ಕ.

ಮಾಮಾ ಡೊಳ್ಳಿನ ಪದದ ಕವಿಯಾಗಿ ಬೆಳೆದ. ಈ ಹಾಡಿಕೆಯಲ್ಲಿ ಎರಡು ಮೇಳ ಎದುರುಬದುರು ಕೂಡುತ್ತವೆ. ಭೂಮಿ ದೊಡ್ಡದು ಎಂದು ಒಂದು ಮೇಳ ಹಾಡಿದರೆ ಮಳೆ ದೊಡ್ಡದು ಎಂದು ಇನ್ನೊಂದು ಮೇಳ. ಯಾವ ಪಕ್ಷ ಪಾಲಿಗೆ ಬರುತ್ತದೋ ಅದನ್ನೇ ಹಿಡಿದು ಗೆಲ್ಲಬೇಕು, ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಸವಾಲಿಗೆ ಜವಾಬು ಸಿಗದವನು ಎದ್ದು ಬಂದು ಗೆದ್ದವನ ಹಣೆಗೆ ಬೀರದೇವರ ಭಂಡಾರ ಹಚ್ಚುತ್ತಾನೆ. ಭಂಡಾರ ಅಂದರೆ ಅರಿಷಿಣದ ಪುಡಿ, ಆದರೆ ನಮ್ಮ ಜನಕ್ಕೆ ಅದು ದೇವರೇ. ಒಮ್ಮೆ ಹಚ್ಚಿದ ಮೇಲೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ. ಎತ್ತಿದವನ ಮನೆಯಲ್ಲಿ ಯಾರೂ ನೀರು ಸಹ ಕುಡಿಯುವುದಿಲ್ಲ.

ಮಾಮಾನಿಗೆ ಭಂಡಾರ ಹಚ್ಚದ ಕವಿ ಈ ಭಾಗದಲ್ಲಿ ಉಳಿದಿರಲಿಲ್ಲ. ಉಳಿದವರು ಗಂಟಲು ಹರಿಯುವ ಹಾಗೆ ಏರಿಸಿ ಹಾಡಿದರೆ ಇವನು ಗೆಲ್ಲುವ ಹೊತ್ತಿಗೆ ದನಿ ಇಳಿಸುತ್ತಿದ್ದ. ಕೂತ ಜನ ಕೇಳಲಿಕ್ಕೆಂದು ಮುಂದಕ್ಕೆ ಬಾಗುತ್ತಿದ್ದರು. ಎದುರಿನ ಮೇಳದ ಮಾತನ್ನು ಮೊದಲು ತಾನೇ ಹಾಡಿಬಿಡುತ್ತಿದ್ದ, ಅವರು ಹಾಡಿದ್ದಕ್ಕಿಂತ ಚಂದವಾಗಿ. ಅವರು ಹಿಗ್ಗಿ ತಲೆ ತೂಗುವಾಗ ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಮಾತನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ.

ಅವನಿಗೆ ಹೆಸರು ತಂದದ್ದು ಅವನೇ ಕಟ್ಟಿದ ಮಾಂತ್ರಿಕನ ಪದ. ಏಳು ಅಗಸೆಯ, ಅಂದರೆ ಏಳು ಹೆಬ್ಬಾಗಿಲಿನ ಒಂದು ಕೋಟೆ. ಕಾಯುವವನು ಒಬ್ಬ ಮಾಂತ್ರಿಕ, ರಾಜನ ಗುರು, ಮಳೆ ಮೋಡವನ್ನು ಮಾತಾಡಿಸಿ ಕರೆಯುವಂಥವನು. ನೋಡಿದ್ದನ್ನಷ್ಟೇ ಆಡುತ್ತೇನೆ ಎಂದು ತನ್ನ ಗುರುವಿಗೆ ಭಾಷೆ ಕೊಟ್ಟು ಮಾತಿನ ವಿದ್ಯೆ ಪಡೆದವನು. ಒಂದು ದಿನ ಇಲ್ಲದ್ದನ್ನು ಇದೆ ಎಂದು ಹೇಳಿ ನೋಡುತ್ತಾನೆ, ಜನ ನಂಬುತ್ತಾರೆ, ಅದರ ರುಚಿ ಹತ್ತುತ್ತದೆ. ಕಡೆಗೆ ವೈರಿಯ ಪಾಳೆಯ ಸೇರಿ ಒಬ್ಬನೇ ಕೋಟೆಯ ಮುಂದೆ ಬಂದು ನಿಲ್ಲುತ್ತಾನೆ, ಕೈಯಲ್ಲಿ ಒಂದು ಕಡ್ಡಿಯೂ ಇಲ್ಲ. ಒಂದೊಂದು ಅಗಸೆಯ ಕಾವಲಿನವನ ಜೊತೆ ಮಾತಾಡುತ್ತಾನೆ, ಒಂದೊಂದು ಅಗಸೆ ತೆರೆಯುತ್ತದೆ. ಕಡೆಯದನ್ನು ರಾಣಿಯೇ ತೆಗೆಯುತ್ತಾಳೆ, ತೆಗೆದು ಅವನಿಗೆ ಕೈ ಮುಗಿಯುತ್ತಾಳೆ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, "ಮಾಮಾ, ಆಂವ ಮಂತ್ರಾ ಹಾಕ್ತಿದ್ನೇನು?"

"ಮಂತ್ರ ಯಾಕ ಬೇಕು?" ಅಂದಿದ್ದ ಮಾಮಾ. "ಎದುರಿಗಿದ್ದವ್ರ ಮನಸಿನಾಗಿನ ಮಾತ ಅವರಕಿಂತ ಚಂದ ನಾವs ಹೇಳಿದ್ರ ಸಾಕು. ಬಾಗಲಾ ಅವರs ತಗೀತಾರ."

ಜನರಿಗೆ ರಾಜ ಬೇಕಿರಲಿಲ್ಲ, ಮಾಂತ್ರಿಕನೇ ಬೇಕಾಗಿತ್ತು. ಪದದ ಕಡೆಗೆ ಅವನಿಗೆ ಶಿಕ್ಷೆ ಆಗುವ ಹೊತ್ತಿಗೆ ಕೂತವರಲ್ಲೇ ಯಾರಾದರೂ "ಏ, ಸಾಯಿಸಬ್ಯಾಡೊ ಅವನ್ನ" ಅನ್ನುತ್ತಿದ್ದರು. ಮಾಮಾ ನಕ್ಕು ಉಳಿಸಿಬಿಡುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲು ಅವನು ಹೀಗಿರಲಿಲ್ಲ. ಊರಿನ ಉಳ್ಳವನೊಬ್ಬ ಗಾಯರಾಣದ ಒಂದು ಮೂಲೆಯನ್ನು ಸದ್ದಿಲ್ಲದೆ ನೇಗಿಲು ಹೂಡಿ ತನ್ನದು ಮಾಡಿಕೊಳ್ಳಲು ಹೊರಟಾಗ ಅದನ್ನು ನಿಲ್ಲಿಸಿದವನು ಇದೇ ಮಾಮಾ. ಪಂಚಾಯತಿ ಕಟ್ಟೆಯ ಮುಂದೆ ಡೊಳ್ಳು ಹಿಡಿದು ಕೂತು ಕುರಿಗಳ ಬಾಯಿಂದ ಒಂದು ಪದ ಹಾಡಿದ. ಆ ಉಳ್ಳವನ ಹೆಂಡತಿಯೇ ಕಣ್ಣಲ್ಲಿ ನೀರು ತಂದುಕೊಂಡಳು. ನೇಗಿಲು ವಾಪಸು ಹೋಯಿತು. ಅವತ್ತು ಅವ್ವ ಮನೆಯಲ್ಲಿ ಹೋಳಿಗೆ ಮಾಡಿದ್ದಳು.

ಆಮೇಲೆ ಅವನ ಹಾಡು ಮೊಬೈಲಿಗೆ ಬಂತು. ಚುನಾವಣೆ ಬಂದಾಗ ಒಬ್ಬರು ಕರೆದು ಹಾಡಿಸಿದರು, ಮುಂದಿನ ಸಲ ಅವರ ವೈರಿಗಳು ಕರೆದು ಹಾಡಿಸಿದರು. ನಾನು ಕೇಳಿದರೆ, "ಪಾಲಿಗೆ ಬಂದ ಪಕ್ಷ ಹಾಡೂದs ನಮ್ಮ ಕೆಲಸಾ" ಅನ್ನುತ್ತಿದ್ದ. ಹೊಸ ಮನೆ ಕಟ್ಟಿಸಿದ. ಬಿಳಿ ಗಾಡಿ ಬಂತು. ಕರೆದಲ್ಲೆಲ್ಲ ಹೋಗುತ್ತಿದ್ದ, ಕುರಿ ಹಟ್ಟಿಯ ಕಡೆಗೆ ಬರುವುದು ಮಾತ್ರ ಕಡಿಮೆಯಾಯಿತು.

ಗಾಯರಾಣದಲ್ಲಿ ಬಿಸಿಲಿನಿಂದ ಕರೆಂಟು ಮಾಡುತ್ತೇವೆ ಎಂದು ಒಂದು ಕಂಪನಿ ಬಂದಾಗ ಊರಿನ ಒಪ್ಪಿಗೆ ಬೇಕಾಯಿತು. ಗ್ರಾಮಸಭೆ ಕರೆದರು. ಅವ್ವ ಫೋನು ಮಾಡಿಸಿ ನನ್ನನ್ನು ಕರೆಸಿಕೊಂಡಳು. ಅವಳು ಗಟ್ಟಿಯಾಗಿದ್ದಳು. "ನಾ ಬ್ಯಾಡ ಅಂತೇನಿ. ನಾ ಅಂದ್ರ ನಮ್ಮ ಓಣಿ ಎಲ್ಲಾ ಅಂತೈತಿ," ಅಂದಳು. ಅದು ನಿಜವೂ ಆಗಿತ್ತು. ಕುರಿ ಇದ್ದ ಮನೆಗಳೆಲ್ಲ ಅವಳ ಮಾತು ಕೇಳುತ್ತಿದ್ದವು. ತಮ್ಮ ಬರುತ್ತಾನೆ, ತನ್ನ ಪರವಾಗಿ ಹಾಡುತ್ತಾನೆ ಎಂಬ ಧೈರ್ಯ ಬೇರೆ.

ಶಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಕಂಪನಿಯ ಸಾಹೇಬ ಖುರ್ಚಿಯಲ್ಲಿ ಕೂತಿದ್ದ, ಅವನಿಗೆ ಕನ್ನಡವೂ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ. ಅವನ ಪಕ್ಕದ ಖುರ್ಚಿಯಲ್ಲಿ ನಮ್ಮ ಮಾಮಾ ಇದ್ದ. ಅವ್ವ ಎದ್ದು "ಗಾಯರಾಣ ಕೊಡೂದಿಲ್ಲ" ಅನ್ನುವಷ್ಟರಲ್ಲಿ ಮಾಮಾ ಎದ್ದು ನಿಂತ.

"ಮಂಡಳಿ, ನಮ್ಮ ಅಕ್ಕನ ಮಾತ ಮೊದಲ ನಾ ಹೇಳತೇನಿ. ಆ ಗಾಯರಾಣದಾಗ ಆಕಿ ಕಾಲಿಗೆ ಚುಚ್ಚದ ಮುಳ್ಳಿಲ್ಲ. ನನ್ನನ್ನ ಬೆನ್ನಿಗೆ ಕಟಗೊಂಡು ಕುರಿ ಕಾದಾಳ. ಬ್ಯಾಸಗ್ಯಾಗ ತನ್ನ ಪಾಲಿನ ನೀರ ನನಗ ಕುಡಿಸ್ಯಾಳ. ಆ ಭೂಮಿ ಹೋದ್ರ ಆಕೀದು ಏನ ಉಳೀತೈತಿ, ಯಾರರ ಹೇಳ್ರಿ."

ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ತನ್ನ ಬಾಳನ್ನು ಇಷ್ಟು ಚಂದವಾಗಿ ಯಾರಾದರೂ ಹೇಳಿದ್ದನ್ನು ಅವ್ವ ಜನ್ಮದಲ್ಲಿ ಕೇಳಿರಲಿಲ್ಲ. ಗಳಗಳ ಅತ್ತಳು. ಆಗ ಅವನು ದನಿ ಇಳಿಸಿದ. ಇಡೀ ಅಂಗಳ ಮುಂದಕ್ಕೆ ಬಾಗಿತು.

"ಅದಕ್ಕs ಕೇಳತೇನಿ ಅಕ್ಕಾ, ಇನ್ನೂ ಎಷ್ಟ ದಿನಾ ಆ ಮುಳ್ಳಾಗ ನಡೀತಿ? ಬಿಸಲ ಹಿಡಿಯೂ ಕಾಜಿನ ಫಳಿ ಹಾಕ್ತಾರ. ಫಳಿ ಕೆಳಗ ನೆಳ್ಳು. ನೆಳ್ಳಾಗ ಹಸಿ ಆರೂದಿಲ್ಲ, ಹುಲ್ಲ ಬರತೈತಿ. ಮುಂಜಾನೆ ಗೇಟ ತಗೀತಾರ, ನಿನ್ನ ಕುರಿ ಒಳಗ ಮೇಯತಾವ. ತೋಳದ ಅಂಜಿಕಿಲ್ಲ, ಕಬ್ಬಿನಾವ್ರ ಬೈಗುಳಿಲ್ಲ. ನೀ ಆರಾಮ ಕೂಡು. ಇದನ್ನ ಕಂಪನಿ ಹೇಳಾಕತ್ತಿಲ್ಲ, ನಿನ್ನ ತಮ್ಮ ಹೇಳಾಕತ್ತಾನ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಮಾಮಾ, ಗೇಟ ತಗೀತೇವಂತ ಆ ಸಾಹೇಬರ ಬಾಯಿಂದs ಹೇಳಸು" ಅಂದೆ.

ಅವನು ಸಿಟ್ಟಾಗಿದ್ದರೆ ನಾನು ಗೆಲ್ಲುತ್ತಿದ್ದೆ. ಅವನು ಕಣ್ಣು ತುಂಬ ಪ್ರೀತಿ ತಂದುಕೊಂಡ. "ನೋಡ್ರಿ ನನ್ನ ಸೊಸಿ. ಕೊಟ್ಟ ಮನಿಯಿಂದ ಓಡಿ ಬಂದಾಳ. ತವರಮನಿ ಅಂದ್ರ ಹೆಣ್ಣಮಗಳಿಗೆ ಎಷ್ಟ ಜೀವ. ಕೂಡ್ರವ್ವಾ, ನೀ ಆಡಿಬೆಳದ ಗುಡ್ಡ ಎಲ್ಲೂ ಓಡಿಹೋಗೂದಿಲ್ಲ." ಜನ ಮಮತೆಯಿಂದ ನಕ್ಕರು. ಯಾರೋ ನನ್ನ ಕೈ ಹಿಡಿದು ಕೂಡಿಸಿದರು. ಆಮೇಲೆ ನಾನು ಏನು ಅಂದರೂ ಅದು ತವರಿಗಾಗಿ ಅಳುವ ಹೆಣ್ಣುಮಗಳ ಮಾತಾಗುತ್ತಿತ್ತು.

ಮುದುಕನೊಬ್ಬ "ಭಲೇ, ಇದಕ ಜವಾಬಿಲ್ಲ" ಅಂದ. ಅಷ್ಟೇ ಬೇಕಾಗಿತ್ತು. ಹುಟ್ಟಿದಾಗಿನಿಂದ ಸವಾಲು ಜವಾಬು ಕೇಳಿ ಬೆಳೆದ ಜನ ಅದು. ಯಾರು ಚಂದ ಹಾಡಿದರೆಂದು ತೂಗಿ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆ ಹೊತ್ತಿನಲ್ಲೂ ಅವರು ತೂಗಿದ್ದು ಅದನ್ನೇ. ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಅವ್ವ ಕಣ್ಣೊರೆಸಿಕೊಂಡು, ಸೊಂಟದ ಚಂಚಿಯಿಂದ ಭಂಡಾರ ತೆಗೆದು, ಜನರ ನಡುವೆ ನಡೆದು ಹೋಗಿ ತಮ್ಮನ ಹಣೆಗೆ ಹಚ್ಚಿದಳು. ಅವನು ಬಾಗಿ ಹಚ್ಚಿಸಿಕೊಂಡ. ಓಣಿಯ ಕೈಗಳೆಲ್ಲ ಮೇಲೆದ್ದವು, ಠರಾವು ಪಾಸಾಯಿತು.

ಬೇಲಿ ಬಂತು, ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ. "ಕುರಿ ಒಳಗ ಬಿಡಾಕ ಆರ್ಡರ್ ಇಲ್ಲರಿ ಯಕ್ಕಾ, ವೈರ್ ಕಡೀತಾವಂತ," ಅಂದ ಅವನು. ಅವ್ವ ತಮ್ಮನ ಮನೆಗೆ ಹೋದಳು. "ಮಳಿಗಾಲ ಮುಗೀಲಿ, ನಾ ಮಾತಾಡತೇನಿ," ಅಂದ. ಮಳೆಗಾಲ ಮುಗಿದ ಮೇಲೆ ಫೋನು ಎತ್ತುವುದನ್ನು ಬಿಟ್ಟ. ಬೇಲಿ ಕಟ್ಟುವ ಗುತ್ತಿಗೆ ಹಿಡಿದವನು ಅವನೇ ಎಂದು ಊರಿಗೆಲ್ಲ ಗೊತ್ತಾದದ್ದು ಆಗ.

ನಾನು ತಕರಾರು ಅರ್ಜಿ ಬರೆಸಿದೆ, ಅವ್ವನನ್ನು ಬಸ್ಸು ಹತ್ತಿಸಿ ರಾಯಬಾಗಕ್ಕೆ ಕರೆದುಕೊಂಡು ಹೋದೆ. ತಾಲೂಕು ಕಚೇರಿಯ ಮೆಟ್ಟಿಲ ಹತ್ತಿರ ಅವಳು ನಿಂತುಬಿಟ್ಟಳು.

"ನಾ ಒಳಗ ಬರೂದಿಲ್ಲ. ನಾ ಭಂಡಾರ ಹಚ್ಚೇನಿ."

"ಯವ್ವಾ, ಅದು ಹಾಡ ಅಲ್ಲಬೇ. ಭೂಮಿ."

"ಹಾಡಿಗೊಂದು ಭೂಮಿಗೊಂದು ಬ್ಯಾರೆ ಬ್ಯಾರೆ ಭಂಡಾರ ಇರತೈತೇನು? ಹಚ್ಚಿದ್ದು ಹಚ್ಚಿದ್ದs."

ಅಂಗಲಾಚಿದೆ, ಬೈದೆ, ರಸ್ತೆಯಲ್ಲೇ ನಿಂತು ಅತ್ತೆ. ಅವಳು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಅವ್ವ ಬಾರದಿದ್ದರೆ ಓಣಿ ಬರುವುದಿಲ್ಲ. ನಾನೊಬ್ಬಳೇ ಅರ್ಜಿ ಕೊಟ್ಟರೆ, ನೀನು ಬೇರೆ ಊರಿಗೆ ಕೊಟ್ಟ ಹೆಣ್ಣು, ಈ ಊರಿನಲ್ಲಿ ನಿನ್ನದೇನು ಎಂದು ಕೇಳುತ್ತಾರೆ. ಆ ಮೆಟ್ಟಿಲ ಮೇಲೆ ನಿಂತಾಗ ನನಗೆ ಎಲ್ಲವೂ ತಿಳಿಯಿತು. ಮಾಮಾನಿಗೆ ಅಂದು ಬೇಕಾಗಿದ್ದದ್ದು ಜನರ ಕೈಗಳಲ್ಲ. ಎತ್ತಿದ ಕೈಯನ್ನು ನಾಳೆ ಇಳಿಸಬಹುದು, ಭಂಡಾರವನ್ನು ಅಳಿಸಲಾಗುವುದಿಲ್ಲ. ಅದಕ್ಕಾಗಿಯೇ ಅವನು ಸಭೆಯನ್ನು ಹಾಡಿಕೆ ಮಾಡಿದ, ಅದಕ್ಕಾಗಿಯೇ ಮೊದಲು ಅವ್ವನ ಪಕ್ಷ ಹಾಡಿದ. ತನ್ನನ್ನು ಸಾಕಿದವಳ ಭಕ್ತಿ ಎಷ್ಟು ಗಟ್ಟಿ ಎಂದು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ, ಆ ಹಾಳಾದವನು ಅದರ ಮೇಲೇ ಕಾಲಿಟ್ಟ. ಅವನ ಪದದ ಮಾಂತ್ರಿಕನಾದರೂ ಮೋಸ ಮಾಡಿದ್ದು ರಾಜನಿಗೆ, ಒಡಹುಟ್ಟಿದವಳಿಗಲ್ಲ.

ಕುರಿ ಒಂದು ಬೇಸಿಗೆಯನ್ನೂ ದಾಟಲಿಲ್ಲ. ಕಬ್ಬಿನ ಬದುಗಳಲ್ಲಿ ಕದ್ದು ಮೇಯಿಸಿ, ಬೈಸಿಕೊಂಡು, ಮರಿಗಳು ಸೊರಗಿ, ಕಡೆಗೆ ಅವ್ವ ಇಡೀ ಹಿಂಡನ್ನು ಒಬ್ಬನಿಗೇ ಮಾರಿದಳು. ಅವನು ಗಾಡಿಗೆ ಹತ್ತಿಸುವಾಗ ಹಿರಿಯ ಕುರಿಯೊಂದು ಇಳಿದು ಇಳಿದು ಅವಳ ಹತ್ತಿರ ಬಂತಂತೆ. ಅವಳೇ ಹಿಡಿದು ಹತ್ತಿಸಿದಳಂತೆ. ನನಗೆ ಇದನ್ನು ಹೇಳಿದವರು ನೆರೆಮನೆಯವರು, ಅವ್ವ ಹೇಳಲಿಲ್ಲ.

ಈ ಸಲ ಮಳೆಗಾಲದಲ್ಲಿ ತವರಿಗೆ ಹೋದಾಗ ಮನೆಗೆ ಬೀಗ ಹಾಕಿತ್ತು. ಗಾಯರಾಣದ ಕಡೆ ಹೋಗಿ ನೋಡು ಅಂದರು. ಹೋದೆ. ಬೇಲಿಯ ಒಳಗೆ, ಸೀರೆಯ ಮೇಲೆ ಕಂಪನಿಯ ಹಳದಿ ಜಾಕೀಟು ತೊಟ್ಟುಕೊಂಡು, ಕುಡಗೋಲು ಹಿಡಿದು ಅವ್ವ ಕೂತಿದ್ದಳು. ಕಾಜಿನ ಫಳಿಗಳಿಗೆ ಹುಲ್ಲು ತಾಗದಂತೆ ಕೊಯ್ಯುವ ಕೂಲಿಗೆ ಓಣಿಯ ಹೆಂಗಸರನ್ನು ಹಚ್ಚಿಕೊಂಡಿದ್ದರು. ಕೂಲಿಯವರನ್ನು ಕೊಡುವ ಗುತ್ತಿಗೆಯೂ ಮಾಮಾನದೇ. ನನ್ನನ್ನು ಕಂಡು ಅವ್ವ ಬೇಲಿಯ ಹತ್ತಿರ ಬಂದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಒಂಥರಾ ಹೆಮ್ಮೆ ಇತ್ತು.

"ನಮ್ಮ ತಮ್ಮ ಸುಳ್ಳ ಹೇಳಿದ್ದಿಲ್ಲ ನೋಡು," ಅಂದಳು. "ನೆಳ್ಳಾಗ ಎಂಥಾ ಹುಲ್ಲ ಬಂದೈತಿ."

ಹೌದು, ಬಂದಿತ್ತು. ನಾನು ಹುಟ್ಟಿದಾಗಿನಿಂದ ಆ ಕಲ್ಲುಗುಡ್ಡದಲ್ಲಿ ಅಂಥ ಹುಲ್ಲು ಕಂಡಿರಲಿಲ್ಲ. ಮೊಣಕಾಲಿನ ಮಟ, ಹಸಿರು, ಮೆತ್ತಗೆ. ಅದರ ವಾಸನೆಗೆ ನನಗೇ ಬಾಯಲ್ಲಿ ನೀರು ಬರುವಂತಿತ್ತು.

"ಕೊಯ್ದದ್ದನ್ನ ಏನ ಮಾಡತೀರಿ?" ಎಂದು ಕೇಳಿದೆ.

"ಆ ಮೂಲ್ಯಾಗ ಒಟ್ಟತೇವಿ. ಒಣಗಿದ ಮ್ಯಾಲ ಬೆಂಕಿ ಹಚ್ಚತೇವಿ."

"ಯಾರದರ ದನಕ್ಕರ ಕೊಡಬಾರದೇನು?"

"ಹೊರಗ ಒಯ್ಯಾಂಗಿಲ್ಲ. ತಮ್ಮ ಬ್ಯಾಡ ಅಂದಾನ," ಅಂದು ಅವ್ವ ತಿರುಗಿ ಹೋಗಿ, ಬಿಟ್ಟ ಸಾಲಿನಿಂದ ಮತ್ತೆ ಕೊಯ್ಯತೊಡಗಿದಳು.