ಪೈಲಟ್‌ಗಳ ಸಾಲು ಸರಿಮಾಡುವ ಅಕ್ಕ

ಬೆಳಕು ಹರಿಯುತ್ತಿದೆ, ಮೊದಲ ವಿಮಾನ ಇನ್ನೂ ನೆಲ ಬಿಟ್ಟಿಲ್ಲ. ಪೈಲಟ್‌ಗಳು ಹಾಜರಿ ಹಾಕುವ ಹಜಾರದ ಪಕ್ಕದ ಕಿರುಕೋಣೆಯ ಬಾಗಿಲಲ್ಲಿ ಒಬ್ಬ ಕ್ಯಾಪ್ಟನ್ ಮುಖ ಊದಿಸಿಕೊಂಡು ನಿಂತಿದ್ದಾರೆ.

"ಮೇಡಂ, ನಿನ್ನೆ ಮೊನ್ನೆ ಬಂದವನು ಪಟ್ಟೀಲಿ ನನಗಿಂತ ಮೇಲೆ ಹೇಗೆ?"

"ಕೂತ್ಕೊಳ್ಳಿ ಕ್ಯಾಪ್ಟನ್. ಜಗಳ ಆಡೋಕೂ ಇಲ್ಲಿ ಕುರ್ಚಿ ಇದೆ," ಎನ್ನುತ್ತಾ ಒಳಗಿನ ಗುಮಾಸ್ತೆ ಟೀ ಫ್ಲಾಸ್ಕನ್ನು ಅವರತ್ತ ಸರಿಸುತ್ತಾರೆ. ಪೈಲಟ್‌ಗಳು ಅವರಿಗಿಟ್ಟ ಹೆಸರು 'ಕ್ಯೂ ಮೇಡಂ'. ಟೀ ಮುಗಿಯುವ ಹೊತ್ತಿಗೆ ಇಬ್ಬರೂ ಕೆಲಸಕ್ಕೆ ಸೇರಿದ ತಾರೀಕುಗಳನ್ನು ನೋಡಿದ ಕ್ಯಾಪ್ಟನ್ "ಸರಿ ಬಿಡಿ, ತಪ್ಪೇನಿಲ್ಲ" ಎಂದು ಟೋಪಿ ಏರಿಸಿಕೊಂಡು ಹೊರಡುತ್ತಾರೆ.

ಒಂದು ದೊಡ್ಡದು, ಒಂದು ಚಿಕ್ಕದು, ಎರಡು ವಿಮಾನ ಕಂಪನಿಗಳು ಒಂದಾಗಿವೆ. ಮಾಲೀಕರು ಕೈಕುಲುಕಿ ಫೋಟೊ ತೆಗೆಸಿಕೊಂಡು ಹೋದರು, ತಲೆನೋವು ಈ ಕೋಣೆಗೆ ಬಂತು. ಎರಡೂ ಕಡೆಯ ಸಾವಿರಕ್ಕೂ ಮಿಕ್ಕಿದ ಪೈಲಟ್‌ಗಳನ್ನು ಹಿರಿತನದ ಒಂದೇ ಪಟ್ಟಿಗೆ ತರಬೇಕು. ಯಾರಿಗೆ ಯಾವ ವಿಮಾನ, ಯಾವಾಗ ರಜೆ, ಸಹಪೈಲಟ್ ಕ್ಯಾಪ್ಟನ್ ಆಗುವುದು ಯಾವತ್ತು, ಎಲ್ಲಕ್ಕೂ ಅದೇ ಆಧಾರ. ತರಬೇತಿಗೆ ಬಂದು ಕೂತ ದಿನವೇ ಸೇರಿದ ದಿನ ಎಂದು ಎರಡೂ ಕಡೆಯವರು ಒಪ್ಪಿದ್ದಾರೆ. ಆ ದಿನ ನಿಜವೇ ಎಂದು ಒಬ್ಬೊಬ್ಬರದನ್ನೂ ತಾಳೆ ನೋಡುವುದು ಇವರ ಕೆಲಸ. ದಿನಕ್ಕೆ ನಲವತ್ತು ಕಡತ ನೋಡಿದರೆ ಕಣ್ಣು ಉರಿಯುತ್ತದೆ.

ಟೈಪಿಸ್ಟ್ ಆಗಿ ದೊಡ್ಡ ಕಂಪನಿಗೆ ಸೇರಿದವರು ಇವರು. ಗಂಡ ಶಾಲೆಯ ವ್ಯಾನ್ ಚಾಲಕ. "ನಮ್ಮನೇಲಿ ಕೆಳಗೆ ಓಡಿಸೋರು ಒಬ್ರು, ಮೇಲೆ ಓಡಿಸೋನು ಒಬ್ಬ," ಎಂದು ನಗುತ್ತಾರೆ. ಮೇಲೆ ಓಡಿಸುವವನು ತಮ್ಮ, ಚಿಕ್ಕ ಕಂಪನಿಯ ಸಹಪೈಲಟ್. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದ್ದು, ಪಾತ್ರೆ ತೊಳೆಯುತ್ತಾ ಅವನಿಂದ ಪಾಠ ಒಪ್ಪಿಸಿಕೊಂಡಿದ್ದು ಈ ಅಕ್ಕನೇ.

ತಮ್ಮನ ಬ್ಯಾಚಿನ ಕಡತಗಳನ್ನು ತಾನು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿ ಸಹೋದ್ಯೋಗಿಗೆ ಒಪ್ಪಿಸಿದ್ದರು. ಮೊದಲ ಕರಡು ಪಟ್ಟಿ ಸಿದ್ಧವಾಯಿತು. ಅದರ ಪ್ರಕಾರ ತಮ್ಮನು ಮುಂದಿನ ತಿಂಗಳೇ ಕ್ಯಾಪ್ಟನ್. ಅವನ ಹೆಸರಿನ ಮುಂದಿದ್ದ ತಾರೀಕು ಕಂಡ ಕೂಡಲೇ ಅದು ತಪ್ಪೆಂದು ಅಕ್ಕನಿಗೆ ತಿಳಿಯಿತು. ನೇರ ಪಟ್ಟಿಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಹೋಗಿ ನಿಂತರು.

"ಆ ದಿನ ಅವನು ತರಬೇತೀಲಿ ಇರ್ಲಿಲ್ಲ ಸಾರ್, ನಮ್ಮನೇಲಿದ್ದ. ಕೆಲಸದ ಕಾಗದ ಬಂತು ಅಂತ ಕುಣೀತಿದ್ದ. ಆಮೇಲೆ ತರಬೇತಿಗೆ ಸೀಟಿಲ್ಲ ಅಂತ ಐದು ತಿಂಗಳು ನಮ್ಮ ಸೋಫಾ ಸವೆಸಿದ."

ಇಡೀ ಬ್ಯಾಚಿಗೇ ತರಬೇತಿಗೆ ಕೂತ ದಿನದ ಬದಲು ಕೆಲಸದ ಕಾಗದದ ತಾರೀಕು ಬಿದ್ದಿತ್ತು. ತರಬೇತಿ ಶಾಲೆಯ ಹಾಜರಿ ತರಿಸಿದರು, ಅಕ್ಕ ಹೇಳಿದ್ದೇ ನಿಜ. ಬ್ಯಾಚ್ ಕೆಳಗಿಳಿಯಿತು, ಆ ಐದು ತಿಂಗಳಲ್ಲಿ ಸೇರಿ ಅನ್ಯಾಯವಾಗಿ ಹಿಂದೆ ಉಳಿದಿದ್ದ ಬಹಳಷ್ಟು ಜನ ಮೇಲೆ ಬಂದರು. ತಮ್ಮನ ಕ್ಯಾಪ್ಟನ್ ಪಟ್ಟ ಎರಡು ವರ್ಷ ಮುಂದೆ ಹೋಯಿತು.

"ಅಕ್ಕಾ, ನೀನು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದು ಫೋನಿನಲ್ಲಿ ಕೂಗಾಡಿದನಂತೆ.

"ನಂಗೆ ಗೊತ್ತಾಗ್ತಿತ್ತಲ್ಲೋ," ಎಂದರಂತೆ ಇವರು.

ಆಮೇಲೆ ವಾರಗಟ್ಟಲೆ ಮಾತಿಲ್ಲ. "ದಿನಾ ರಾತ್ರಿ ಫೋನ್ ಪಕ್ಕದಲ್ಲೇ ಇಟ್ಕೊಂಡು ಮಲಗ್ತಿದ್ದೆ," ಎನ್ನುತ್ತಾರೆ.

ಅಷ್ಟರಲ್ಲಿ ಸಮವಸ್ತ್ರದ ಯುವಕನೊಬ್ಬ ಒಳಗೆ ಬಂದು, ಕೇಳದೆಯೇ ಫ್ಲಾಸ್ಕಿನಲ್ಲಿ ಉಳಿದ ಟೀ ಬಗ್ಗಿಸಿಕೊಳ್ಳುತ್ತಾನೆ. ತಮ್ಮನೇ. "ನಮ್ಮ ಬ್ಯಾಚಿನೋರು ಇನ್ನೂ ಇವಳನ್ನ ಬೈತಾರೆ," ಎಂದು ನಮಗೆ ಹೇಳುತ್ತಾನೆ. "ನನ್ನೆದುರಿಗೆ ಬೈಯೋಕೆ ಬಿಡಲ್ಲ. ಬೈಯೋದಿದ್ರೆ ನಾನೊಬ್ನೇ ಬೈಬೇಕು." ಅಕ್ಕ ಅವನ ಬೆನ್ನಿಗೊಂದು ಗುದ್ದುತ್ತಾರೆ. "ಹೊರಟೆ ಅಕ್ಕಾ," ಎಂದು ಅವನು ವಿಮಾನದತ್ತ ನಡೆಯುತ್ತಾನೆ.

ಆಸೆ ಏನಾದರೂ ಉಂಟೇ ಎಂದು ಕೇಳಿದೆವು.

"ಅವನು ಕ್ಯಾಪ್ಟನ್ ಆಗಿ ಓಡಿಸೋ ಮೊದಲ ವಿಮಾನದಲ್ಲಿ ನಾನೂ ನಮ್ಮ ಯಜಮಾನ್ರೂ ಕೂರ್ಬೇಕು. ಪುಕ್ಕಟೆ ಪಾಸ್ ಬೇಡ, ಟಿಕೆಟ್ ತಗೊಂಡೇ ಹೋಗೋದು. ಮೈಕಲ್ಲಿ ಅವನ ದನಿ ಬಂದಾಗ ಪಕ್ಕದೋರಿಗೆ ಹೇಳ್ತೀನಿ, ಇವನು ನನ್ನ ತಮ್ಮ, ತನ್ನ ಸರದಿ ಬಂದ್ಮೇಲೇ ಕ್ಯಾಪ್ಟನ್ ಆದ ಅಂತ."