ಮೈ ಕೊಡವದ ಹುಂಜ

ತಪ್ಪೆಲ್ಲ ಆ ಹುಂಜದ್ದೇ. ಮನೆಗೆ ನೆಂಟರು ಬಂದಾಗ ಕೋಳಿಯಾದದ್ದು ಮಂಕರಿ ಕೆಳಗೆ ತೆಪ್ಪಗೆ ಕೂತಿರಬೇಕು. ಇದು ಅಂಗಳದ ನಡುವೆ ಎದೆ ಸೆಟೆಸಿಕೊಂಡು ಮೆರವಣಿಗೆ ಹೊರಟಿತ್ತು.

ಬಂದಿದ್ದವನು ನನ್ನ ಗೆಳೆಯ. ಮೆಟ್ಟೂರಿನ ಮಿಲ್ಲಿನಲ್ಲಿ ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಶಿಫ್ಟಿನವರು. ಆಮೇಲೆ ಅವನು ಕೆಲಸ ಬಿಟ್ಟು ಕಂಬೈನಲ್ಲೂರಿನ ಹತ್ತಿರದ ತನ್ನ ಹಳ್ಳಿ ಸೇರಿದ್ದ. ಹೊಲದ ಬೋರಿನಲ್ಲಿ ನೀರು ಬಂದರೆ ಮುನಿಯಪ್ಪನಿಗೆ ಕೆಂಪು ಹುಂಜ ಕೊಡುತ್ತೇನೆಂದು ಹರಕೆ ಹೊತ್ತಿದ್ದ. ನೀರು ಬಂದಿತ್ತು. ನಮ್ಮ ಹುಂಜವನ್ನು ನೋಡಿದವನೇ, "ಲೇ, ಇಂಥಾದ್ದು ಎಲ್ಲಿ ಸಿಗ್ತೈತ್ಲಾ?" ಅಂದ.

"ಯಾಕ್ಲಾ ಉಡುಕ್ತೀಯ? ಇದ್ನೇ ಸಾಮಿಗೆ ಬುಟ್ಟೆ ಅನ್ಕೋ," ಅಂದೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹುಂಜವನ್ನು ಮರಿಯಿಂದ ಕೈತುತ್ತು ಹಾಕಿ ಸಾಕಿದವಳು ನನ್ನ ಹೆಂಡತಿ. ನಮ್ಮಲ್ಲಿ ಸಾಮಿಗೆ ಅಂತ ಒಮ್ಮೆ ಬಾಯಿಬಿಟ್ಟರೆ ಮುಗಿಯಿತು. ಆ ಪ್ರಾಣಿಯನ್ನು ಮಾರುವಂತಿಲ್ಲ, ಬದಲಿಸುವಂತಿಲ್ಲ, ಮನೆಯ ಸಾರಿಗೂ ಹಾಕುವಂತಿಲ್ಲ. ಅವಳು ಜಗಳ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು. ನನಗೆ ನೀರು ಸಾರು, ಹುಂಜಕ್ಕೆ ನೆನೆಸಿದ ಕಡಲೆಕಾಯಿ ಬೀಜ. ಹೀಗೆ ನಡೆಯಿತು ಸಂಸಾರ, ಹರಕೆಯ ದಿನದವರೆಗೆ.

ಆ ದಿನ ಬೆಳಿಗ್ಗೆ ಮೋಟಾರ್ ಸೈಕಲ್ ತೊಳೆದು ನಿಲ್ಲಿಸಿದೆ. ಹಳೇ ಗಾಡಿಯೇ, ಆದರೆ ನನಗೆ ಹೊಸದು. ಗೆಳೆಯನ ಹಳ್ಳಿಗೆ ಮೇಚೇರಿ ಮೇಲೆ ನೆಟ್ಟಗೆ ತೊಪ್ಪೂರು ಹಿಡಿದು ಹೋಗಬಹುದು. ಅಂಥ ಗಾಡಿ ಇಟ್ಟುಕೊಂಡು ಹತ್ತಿರದ ದಾರಿ ಹಿಡಿಯುವುದು ಗಾಡಿಗೇ ಅವಮಾನ ಅಂತ ನನ್ನ ಲೆಕ್ಕ. "ಓಮಲೂರು ಸುತ್ಕೊಂಡು ಓಗಾಣ?" ಅಂತ ಹೆಂಡತಿಯನ್ನು ಹೆದರುತ್ತಲೇ ಕೇಳಿದೆ. ಪೆಟ್ರೋಲಿಗೆ ಬೈಯುವವಳು ಅವತ್ತು, "ಸುತ್ಕೊಂಡೇ ಓಗಿ. ಮೆಲ್ಲಗೋಗಿ," ಅಂದಳು. ಹುಂಜವನ್ನು ವೈರು ಬ್ಯಾಗಿನಲ್ಲಿ ಕೂರಿಸಿ, ಚಳಿಯಾದೀತೆಂದು ನನ್ನ ಒಳ್ಳೆಯ ಟವೆಲ್ಲನ್ನೇ ಹೊದಿಸಿ, ನನ್ನ ಬೆನ್ನಿಗೂ ತನಗೂ ನಡುವೆ ಇಟ್ಟುಕೊಂಡಳು.

ಓಮಲೂರು ಬರುವವರೆಗೂ ಹುಂಜಕ್ಕೆ ಏನು ಖುಷಿ ಅಂತೀರಿ! ಎದುರಿಗೆ ಯಾವ ಬಸ್ಸು ಹಾರನ್ ಹೊಡೆದರೂ ಇದು ಕತ್ತು ನೀಡಿ ಕೂಗಿ ಉತ್ತರ ಕೊಡುತ್ತಿತ್ತು. ಬಸ್ಸಿಲ್ಲದಾಗ ಪುರುಸೊತ್ತಾಗಿ ನನ್ನ ಬೆನ್ನು ಕುಕ್ಕುತ್ತಿತ್ತು. ಓಮಲೂರಿನಲ್ಲಿ ಟೀ ಕುಡಿಯಲು ನಿಂತರೆ ಅಂಗಡಿಯವನು, "ಸೇವಲುಕ್ಕುಂ ಟೀಯಾ?" ಅಂದ, ಹುಂಜಕ್ಕೂ ಟೀ ಬೇಕಾ ಅಂತ. ಅಲ್ಲಿದ್ದವರೆಲ್ಲ ನಕ್ಕರು. ಇವಳು ನಗಲಿಲ್ಲ. ಬನ್ನು ತಗೊಂಡು ಮುರಿದು ಅದಕ್ಕೆ ತಿನ್ನಿಸಿದಳು, ನನಗೆ ಒಂದು ಚೂರೂ ಇಲ್ಲ.

ತೊಪ್ಪೂರು ಘಾಟು ಹತ್ತುವಾಗ ನಾನು ಸ್ವಲ್ಪ ಮೆರೆದೆ. ಎರಡು ಕಡೆ ಗುಡ್ಡ, ಕೆಳಗೆ ಹಸಿರು, ಮುಂದೆ ಆಮೆ ಹಾಗೆ ತೆವಳುವ ಲಾರಿಗಳು. ಒಂದೊಂದನ್ನೂ ಹಿಂದೆ ಹಾಕುತ್ತ ತಿರುವುಗಳಲ್ಲಿ ಗಾಡಿಯನ್ನು ಅತ್ತ ಬಗ್ಗಿಸಿ ಇತ್ತ ಬಗ್ಗಿಸಿ ಹತ್ತಿಸಿದೆ. "ಅಯ್ಯೋ, ಅದ್ಕೆ ತಲೆ ಸುತ್ತುತೈತೆ!" ಅಂತ ಹಿಂದಿನಿಂದ ಕೂಗಿದಳು. ನನಗೆ ಸುತ್ತುತ್ತಾ ಅಂತ ಯಾರೂ ಕೇಳಲಿಲ್ಲ. ಘಾಟು ಮುಗಿದ ಮೇಲೆ ಹುಂಜ ಒಂದು ಹಾರನ್ನಿಗೂ ಉತ್ತರ ಕೊಡಲಿಲ್ಲ. ಧರ್ಮಪುರಿ ದಾಟಿದರೂ ಕಣ್ಣು ಅರೆ ಮುಚ್ಚಿಕೊಂಡು ಸುಮ್ಮನಿತ್ತು.

ಗೆಳೆಯನ ಹೊಲದ ಬೇವಿನ ಮರದಡಿ ಮುನಿಯಪ್ಪನ ಕಲ್ಲು. ಮಿಲ್ಲಿನ ಹಳೇ ಗೆಳೆಯರು ನಾಲ್ಕೈದು ಜನ ಆಗಲೇ ಸೇರಿದ್ದರು. ಮಸಾಲೆ ಅರೆದಾಗಿತ್ತು, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಗೆಳೆಯನ ತಾಯಿ ಹುಂಜದ ತಲೆ ಮೇಲೆ ಅರಿಸಿನದ ನೀರು ಸುರಿದರು. ನೀರು ಬಿದ್ದಾಗ ಅದು ಮೈ ಕೊಡವಬೇಕು. ಕೊಡವಿದರೆ ಸಾಮಿ ಒಪ್ಪಿದ ಹಾಗೆ. ಕೊಡವದೆ ಕತ್ತಿ ಮುಟ್ಟುವಂತಿಲ್ಲ.

ಹುಂಜ ನಿಂತೇ ಇತ್ತು. ಮತ್ತೆ ನೀರು ಸುರಿದರು. ಕೊಕ್ಕಿನಿಂದ ತೊಟ್ಟು ತೊಟ್ಟು ಇಳಿಯಿತೇ ಹೊರತು ಒಂದು ಪುಕ್ಕ ಅಲುಗಲಿಲ್ಲ.

"ಉತ್ತರವು ಕೊಡು ಸಾಮೀ, ಅಪ್ಪಣೆ ಕೊಡು!" ಅಂತ ಗೆಳೆಯ ಕೈ ಮುಗಿದ. ಒಬ್ಬ ಚಪ್ಪಾಳೆ ತಟ್ಟಿದ. ಇನ್ನೊಬ್ಬ ಅದರ ಕಿವಿಯ ಹತ್ತಿರ ಊದಿದ. ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ ಮೂರನೆಯವನು ತಡೆಯಲಾರದೆ, "ಇಂಗೆ ಮಾಡು, ಇಂಗೆ!" ಅಂತ ಹುಂಜದ ಎದುರು ಕುಕ್ಕರಗಾಲಲ್ಲಿ ಕೂತು ತಾನೇ ಮೈ ಕೊಡವಿ ತೋರಿಸಿದ. ಅವನನ್ನು ನೋಡಿ ಮಿಕ್ಕವರೂ ಕೊಡವಿದರು. ನಾನೂ ಕೊಡವಿದೆ, ಸುಳ್ಳು ಯಾಕೆ. ಮೀಸೆ ಹೊತ್ತ ಗಂಡಸರೆಲ್ಲ ಬುರುಬುರು ಅಂತ ತಲೆ ಒದರುತ್ತಿದ್ದರೆ ಹುಂಜ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಕಣ್ಣು ಮುಚ್ಚಿತು.

ಮೂರನೆಯ ಸಲವೂ ಆಗಲಿಲ್ಲ. ಗೆಳೆಯನ ಅವ್ವ ಚೊಂಬು ಕೆಳಗಿಟ್ಟರು. "ಯಾರೋ ಮನಸಾರೆ ಕೊಟ್ಟಿಲ್ಲ," ಅಂದರು.

"ನಾನು ಕೊಟ್ಟಿವ್ನಲ್ಲವ್ವಾ!" ಅಂತ ರೇಗಿದೆ.

"ನೀ ಕೊಟ್ಟೆ. ಸಾಕ್ದೋರು ಯಾರು?"

ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ಬೇವಿನ ಮರವನ್ನು ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು. ಅವ್ವ ಹುಂಜವನ್ನು ಎತ್ತಿ ಅವಳ ಮಡಿಲಿಗೆ ಹಾಕಿದರು. "ಸಾಮಿ ಬ್ಯಾಡ ಅಂದದ್ದು ನಮಗ್ಯಾಕೆ ಕೂಸೇ? ತಕ್ಕೊಂಡೋಗು. ಕಾಯಿ ಒಡ್ದು ಪೊಂಗಲಿಕ್ತೀವಿ."

ಅವಳು ಅಳುತ್ತಾಳೆ ಅಂದುಕೊಂಡೆ. ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ಆ ನಗು ಕಂಡು ನನಗೆ ಜೀವ ಬಂದ ಹಾಗಾಯಿತು. ಅರೆದ ಮಸಾಲೆಯನ್ನು ಹುರುಳಿಗೆ ಹಾಕಿ ಮುದ್ದೆಯ ಜೊತೆ ಬಡಿಸಿದರು. "ಕೋಳಿ ಸಾರು ಜೋರಾಗೈತೆ ಮಾಪಿಳ್ಳೆ, ಕೋಳಿ ಒಂದಿಲ್ಲ ಅಷ್ಟೇ," ಅಂತ ಗೆಳೆಯರು ನನ್ನನ್ನು ಹುರಿದು ತಿಂದರು.

ವಾಪಸು ಬರುವಾಗ ಘಾಟಿನ ನಡುವೆ ಇಂಜಿನ್ ಆರಲಿ ಅಂತ ನಿಲ್ಲಿಸಿದೆ. ನಾಲ್ಕು ಹನಿ ಮಳೆ ಬಿತ್ತು. ಬ್ಯಾಗಿನಿಂದ ತಲೆ ಎತ್ತಿದ ಹುಂಜ ಕೊಕ್ಕಿನಿಂದ ಪುಚ್ಚದವರೆಗೆ ಪಟಪಟ ಅಂತ ಎಂಥಾ ಕೊಡವು ಕೊಡವಿತೆಂದರೆ ನನ್ನ ಮುಖವೆಲ್ಲ ನೀರಾಯಿತು.

ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

"ನೋಡಿದ್ರಾ?" ಅಂದಳು ಸಣ್ಣ ದನಿಯಲ್ಲಿ.

ಮುಖ ಒರೆಸಿಕೊಂಡು ಗಾಡಿಗೆ ಕಿಕ್ ಹೊಡೆದೆ. "ಕಣ್ಣಿಗೆ ಮಳೆ ಬಿತ್ತು. ಏನೂ ಕಾಣ್ಲಿಲ್ಲ. ಗಾಡಿ ಅತ್ತು."

ಅವಳು ಹತ್ತಿದಳು. ಹಿಂದಿನಿಂದ ಬಂದ ಲಾರಿಯೊಂದು ಜೋರಾಗಿ ಹಾರನ್ ಹೊಡೆಯಿತು. ಹುಂಜ ಅದಕ್ಕಿಂತ ಜೋರಾಗಿ ಕೂಗಿತು.